ಲೊವಿನಾಳ ಅಕ್ಷರ

ಹ್ಯಾರೋಫೀಲ್ಡ್, ಮ್ಯಾಸಚುಸೆಟ್ಸ್
ಮಂಗಳವಾರ, ಫೆಬ್ರವರಿ 3, 1846

ಮೊಂಡುಮೂತಿಯ ನನ್ನ ಆಲ್ಮಿರಾಗೆ,

ಅಜ್ಜಿಯ ಆಶೀರ್ವಾದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರ ಕೆಳಗೆ ಇರುವುದು ಬೈಗುಳ.

ಅಕ್ಟೋಬರಿನಿಂದ ಈಚೆಗೆ ಈ ಮನೆಯಿಂದ ನಿನಗೆ ಐದು ಕಾಗದ ಹೋಗಿವೆ. ಐದೂ ಮುದ್ರೆ ಒಡೆಯದೆ ವಾಪಸು ಬಂದಿವೆ. ಮೇಲ್ವಿಳಾಸದಲ್ಲಿ ನಿನ್ನ ಹಳೆಯ ಗೆಳತಿ ಲೊವಿನಾಳ ಅಕ್ಷರ ಕಂಡ ಕೂಡಲೇ ‘ಇದು ನನಗೆ ಬೇಡ’ ಎಂದು ಅಂಚೆಯವನತ್ತ ತಳ್ಳುತ್ತೀಯಂತೆ. ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ನನ್ನ ತಮ್ಮ ಈನಸ್ ಹೇಳಿ ಕಳಿಸಿದ. ದಡ್ಡಿ, ಅವುಗಳಲ್ಲಿ ಮೂರು ನನ್ನವು. ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಎರಡು ಚಳಿಗಾಲ ಶಾಲೆಗೆ ಹೋಗಿ ಅಚ್ಚಿನ ಬೈಬಲ್ಲು ಓದಲು ಕಲಿತ ಮುದುಕಿಗೆ ಇನ್ನಾರು ಬರೆದುಕೊಡಬೇಕಿತ್ತು? ಹತ್ತೊಂಬತ್ತು ವರ್ಷದ ಹೆಣ್ಣಿಗೆ ಅಷ್ಟೂ ಹೊಳೆಯಲಿಲ್ಲವೇ?

ಅದಕ್ಕೇ ಈ ಸಲ ನಾನೇ ಕೂತಿದ್ದೇನೆ. ಕೋಳಿ ಕೆದಕಿದಂತೆ ಕಾಣುವ ಈ ಸಾಲುಗಳು ನಿನ್ನ ಅಜ್ಜಿಯವು. ಬೆರಗಾಗಿದ್ದು ಸಾಕು, ಮುಂದೆ ಓದು. ತಡವಾಯಿತು ಎಂದು ಬೇಸರಪಡಬೇಡ, ಒಂದು ಪುಟಕ್ಕೆ ನನಗೆ ಅರ್ಧ ದಿನ ಬೇಕು. ಅಂಚೆಯನ್ನು ನಂಬದೆ ಇದನ್ನು ನಿಮ್ಮ ಕಡೆಗೆ ಹೊರಟಿರುವ ಉಣ್ಣೆ ವ್ಯಾಪಾರಿಯ ಕೈಗೆ ಕೊಡುತ್ತೇನೆ. ನೀನು ಒಡೆದು ಓದುವ ತನಕ ಈನಸನ ಒಲೆಯ ಮುಂದಿನಿಂದ ಏಳಬೇಡ ಎಂದು ಅವನಿಗೆ ಹೇಳಿದ್ದೇನೆ. ಅವನು ಏಳುವುದೂ ಇಲ್ಲ, ಸೇಬಿನ ಪೈ ಕಂಡ ಕಡೆ ಬೇರು ಬಿಡುವ ಜನ್ಮ ಅದು.

ಗಿರಣಿಯವರ ಈ ವಸತಿಮನೆ ತುಂಬಿದೆ. ಇಪ್ಪತ್ತಮೂರು ಹುಡುಗಿಯರು, ಒಂದೊಂದು ಹಾಸಿಗೆಗೆ ಇಬ್ಬರು. ಊಟದ ಮೇಜಿನಲ್ಲಿ ನಿನ್ನ ಜಾಗಕ್ಕೆ ಮೇಯ್ನ್ ಕಡೆಯವಳೊಬ್ಬಳು ಬಂದಿದ್ದಾಳೆ. ಹುರುಳಿಗೂ ಕಾಕಂಬಿ, ರೊಟ್ಟಿಗೂ ಕಾಕಂಬಿ, ಉಪ್ಪು ಹಂದಿಮಾಂಸಕ್ಕೂ ಕಾಕಂಬಿ ಸುರಿಯುತ್ತಾಳೆ. ‘ನಿಮ್ಮೂರಲ್ಲಿ ಸತ್ತೋರ ಬಾಯಿಗೂ ಅದನ್ನೇ ಬಿಡ್ತಾರೇನೇ?’ ಎಂದು ಕೇಳಿದೆ. ‘ಇಲ್ಲಾ ಅಮ್ಮ, ಬದುಕಿರೋರಿಗೇ ಸಾಲಲ್ಲ’ ಎಂದಳು. ಬಾಯಿ ಜೋರಿದೆ, ಇಲ್ಲಿ ಉಳಿಯುತ್ತಾಳೆ. ನೇಯ್ಗೆ ಕೋಣೆಯಲ್ಲಿ ಈಗ ಒಬ್ಬೊಬ್ಬಳಿಗೆ ಮೂರು ಮಗ್ಗ ಹೋಗಿ ನಾಲ್ಕು ಆಗಿದೆಯಂತೆ. ಕಿಟಕಿ ತೆರೆಯದಂತೆ ಹೊಡೆದ ಮೊಳೆಗಳು ಹಾಗೆಯೇ ಇವೆ. ನೂಲು ಕಡಿಯದಿರಲು ಬಿಸಿ ಹಬೆ ಬಿಡುತ್ತಾರೆ, ಹುಡುಗಿಯರು ಊಟಕ್ಕೆ ಬರುವಾಗ ಒದ್ದೆ ಬೆಕ್ಕುಗಳ ಹಾಗೆ ಬರುತ್ತಾರೆ.

ಊಟದ ಗಂಟೆ ಹೊಡೆಯಿತು. ಅವರಿಗೆ ಇರುವುದೇ ಅರ್ಧ ಗಂಟೆ. ಬಂದೆ.

*

ಎಲ್ಲಿದ್ದೆ? ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಕಾಗದ ಕರೆಯುತ್ತದೆ. ಬೆಳಗಿನಿಂದ ಮೂರು ಸಲ ಒಲೆಯ ಬೂದಿ ಗೋರಿದ್ದೇನೆ, ಗೋರಲು ಏನೂ ಇಲ್ಲದಿದ್ದರೂ.

ವಿಷಯಕ್ಕೆ ಬರುತ್ತೇನೆ. ದಿನಕ್ಕೆ ಹತ್ತೇ ಗಂಟೆ ಕೆಲಸ ಬೇಕೆಂದು ನೀನೂ ಲೊವಿನಾಳೂ ಸಹಿ ಹಾಕಿಸುತ್ತಿದ್ದ ಅರ್ಜಿ ಇತ್ತಲ್ಲ, ಅದು ಸುಟ್ಟುಹೋಗಿಲ್ಲ. ಗಿರಣಿಯವರ ಕೈಗೂ ಸಿಕ್ಕಿಲ್ಲ. ಮುನ್ನೂರ ಹನ್ನೆರಡು ಹೆಸರುಗಳ ಸಮೇತ ಬಾಸ್ಟನ್ ತಲುಪಿದೆ. ಶಾಸನಸಭೆಯ ಸಮಿತಿಯವರು ಮಾರ್ಚ್ ಮೊದಲ ವಾರ ಗಿರಣಿ ಹುಡುಗಿಯರನ್ನೇ ಕರೆಸಿ ಕೇಳುತ್ತಾರಂತೆ. ಲೊವಿನಾ ಹೋಗುತ್ತಾಳೆ. ಆದರೆ ಒಬ್ಬಳೇ ಹೋದರೆ ಅವಳನ್ನು ಜಗಳಗಂಟಿ ಎಂದು ತಳ್ಳಿಹಾಕುತ್ತಾರೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಚಳಿಗಾಲದಲ್ಲಿ ನೇಯ್ಗೆ ಕೋಣೆಯಲ್ಲಿ ಎಷ್ಟು ದೀಪ ಉರಿಯುತ್ತವೆ, ಬೆಳಗಿನ ಗಂಟೆ ಎಷ್ಟು ಬೇಗ ಹೊಡೆಯುತ್ತದೆ, ಸಂಜೆಯದು ಎಷ್ಟು ತಡ, ಯಾರು ಯಾವ ತಿಂಗಳು ಕೆಮ್ಮುತ್ತಾ ಊರಿಗೆ ಹೋದರು, ಇದನ್ನೆಲ್ಲ ಎರಡು ವರ್ಷ ಬರೆದಿಟ್ಟವಳು ನೀನು. ಆ ಪುಸ್ತಕ ನಿನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಓದಿ ಹೇಳಲು ನೀನೇ ಬೇಕು. ಈಗ ಕೆಲಸದಲ್ಲಿರುವ ಬೇರೆ ಯಾವ ಹುಡುಗಿಯೂ ಬಾಯಿ ಬಿಡುವ ಹಾಗಿಲ್ಲ. ನಿನಗೆ ಕಳೆದುಕೊಳ್ಳಲು ಕೆಲಸವಿಲ್ಲ.

‘ಆ ದ್ರೋಹಿಯ ಪಕ್ಕ ನಾನು ನಿಲ್ಲೋದಿಲ್ಲ’ ಅನ್ನುತ್ತೀ. ನಿನ್ನ ಮೂಗು ಕೆಂಪಾಗಿದ್ದು ಇಲ್ಲಿಂದಲೇ ಕಾಣುತ್ತಿದೆ.

ಆ ದಿನ ನನಗೆ ಮರೆತಿಲ್ಲ. ನೀನು ಗಿರಣಿಯಿಂದ ನಡುಹಗಲಿಗೆ ಮನೆಗೆ ಬಂದೆ. ಬಿಡುಗಡೆ ಚೀಟಿ ಕೊಡದೆ ಹೊರಹಾಕಿದ್ದರು. ಆ ಚೀಟಿ ಇಲ್ಲದವಳನ್ನು ಈ ನದಿಯ ಮೇಲಿನ ಒಂದು ಗಿರಣಿಯೂ ಒಳಗೆ ಬಿಡುವುದಿಲ್ಲ. ಊಟಕ್ಕೆ ಬಂದ ಲೊವಿನಾಳನ್ನು ನೀನು ಅಡುಗೆಮನೆಯಲ್ಲೇ ತಡೆದೆ.

‘ಅರ್ಜಿ ಇರೋ ಜಾಗ ಗೊತ್ತಿದ್ದಿದ್ದು ನಮ್ಮಿಬ್ಬರಿಗೆ ಮಾತ್ರ. ನನ್ನನ್ನ ಮಾತ್ರ ಹೊರಗೆ ಹಾಕಿದಾರೆ. ನಿನ್ನ ಮಗ್ಗ ಇನ್ನೂ ಓಡ್ತಾ ಇದೆ. ಹೇಳು, ಯಾರು ಬಾಯಿ ಬಿಟ್ಟಿದ್ದು?’ ಎಂದೆ ನೀನು.

ಅವಳು ಏನೂ ಅನ್ನಲಿಲ್ಲ.

‘ನಿನ್ನ ಜೊತೆ ಒಂದೇ ಹೊದಿಕೆಲಿ ಮಲಗಿದ್ದೆನಲ್ಲೇ’ ಎಂದೆ. ಅವಳು ತಟ್ಟೆ ಒರೆಸುತ್ತಿದ್ದಳು, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಆಮೇಲೆ ಅವಳ ಸುಮ್ಮನಿರುವಿಕೆಯನ್ನೇ ನೀನು ಒಪ್ಪಿಗೆ ಅಂದುಕೊಂಡೆ. ಈ ಮನೆಯ ಹುಡುಗಿಯರೂ ಹಾಗೆಯೇ ಅಂದುಕೊಂಡರು. ನಾಲ್ಕು ತಿಂಗಳಾಯಿತು, ಮೇಜಿನ ಮೇಲೆ ಅವಳಿಗೆ ಯಾರೂ ಬೆಣ್ಣೆಯ ತಟ್ಟೆ ದಾಟಿಸುವುದಿಲ್ಲ. ಎದ್ದು ಹೋಗಿ ತಾನೇ ತೆಗೆದುಕೊಳ್ಳುತ್ತಾಳೆ. ಅವಳ ಹಾಸಿಗೆಯಲ್ಲಿ ಜೊತೆಗೆ ಮಲಗಲು ಯಾರೂ ಒಪ್ಪದೆ, ಇಪ್ಪತ್ತಮೂರು ಜನರ ಮನೆಯಲ್ಲಿ ಅವಳೊಬ್ಬಳಿಗೇ ಪೂರ್ತಿ ಹಾಸಿಗೆ. ಮೊನ್ನೆ ಮೇಯ್ನ್ ಹುಡುಗಿ ಕೇಳಿದಳು, ‘ಅವಳಿಗೇನು ಸೋಂಕು ರೋಗವಾ ಅಮ್ಮ?’ ನಾನು ಹಿಟ್ಟು ನಾದುತ್ತಿದ್ದೆ. ಆವತ್ತಿನ ರೊಟ್ಟಿ ಕಲ್ಲಾಗಿತ್ತು.

ಸ್ವಲ್ಪ ಯೋಚಿಸು. ಅವಳು ದ್ರೋಹಿಯಾಗಿದ್ದರೆ ಆ ಅರ್ಜಿ ಬಾಸ್ಟನ್ನಿಗೆ ಹೇಗೆ ತಲುಪುತ್ತಿತ್ತು? ಗಿರಣಿ ನಡೆಸುವ ಏಜೆಂಟ್ ಕ್ರಾಸ್‌ಬಿಯ ಜನ ಬಂದು ನಿಮ್ಮ ಕೋಣೆಯನ್ನು ತಲೆಕೆಳಗು ಮಾಡಿದಾಗ ಅದು ಎಲ್ಲಿತ್ತು? ನಾನು ಹೇಳುತ್ತೇನೆ, ಹುರುಳಿಯ ಮಡಕೆಯೊಳಗೆ, ಬಟ್ಟೆಯಲ್ಲಿ ಸುತ್ತಿ, ನನ್ನ ಒಲೆಯ ಪಕ್ಕದಲ್ಲೇ ಇತ್ತು. ಅವರಲ್ಲೊಬ್ಬ ಆ ಮಡಕೆಯ ಮೇಲೇ ಕೈ ಊರಿ ನಿಂತು, ‘ಒಳ್ಳೆ ವಾಸನೆ ಬರ್ತಿದೆ, ಪೆಟಿಂಗಿಲ್ ಅಮ್ಮ’ ಎಂದ. ‘ಹಸಿವಾದವನಿಗೆ ಖಾಲಿ ಮಡಕೆಯಿಂದಲೂ ಬರುತ್ತೆ’ ಎಂದೆ. ಅದನ್ನು ಅಲ್ಲಿಟ್ಟವಳು ನಾನು. ಎಂಟು ದಿನ ಬಿಟ್ಟು ಲೊವಿನಾಳ ಕೈಗೆ ಕೊಟ್ಟವಳೂ ನಾನು. ಹೇಗೆ, ಏಕೆ ಎಂದು ಕೇಳಬೇಡ, ಕೈ ನೋಯುತ್ತಿದೆ.

ಈನಸ್ ಹೇಳಿ ಕಳಿಸಿದ ಇನ್ನೊಂದು ಮಾತು: ನೀನು ಕುರಿಗಳ ಹಿಂದೆ ಗುಡ್ಡ ಹತ್ತುತ್ತೀಯಂತೆ, ಮೇಲೆ ನಿಂತು ಕೂಗಿದರೆ ಕೆಳಗಿನ ಹೊಲಕ್ಕೆ ಕೇಳುತ್ತದಂತೆ. ಕ್ರಿಸ್‌ಮಸ್ಸಿನಿಂದ ಒಂದು ಸಲವೂ ಕೆಮ್ಮಿಲ್ಲವಂತೆ. ಅದನ್ನು ಆ ವ್ಯಾಪಾರಿಯ ಬಾಯಲ್ಲಿ ಮೂರು ಸಲ ಹೇಳಿಸಿದೆ. ಮೂರನೆಯ ಸಲ ಅವನು, ‘ಇನ್ನೊಂದು ತುಂಡು ಪೈ ಕೊಟ್ಟರೆ ನಾಲ್ಕನೇ ಸಲವೂ ಹೇಳ್ತೀನಿ’ ಎಂದ. ಕೊಟ್ಟೆ.

ಲೊವಿನಾ ಈ ಕಾಗದದ ವಿಷಯ ಬಲ್ಲಳು. ಇದರಲ್ಲಿ ಏನಿದೆ ಎಂದು ಕೇಳಲಿಲ್ಲ. ‘ಅಜ್ಜಿ, ಗೆರೆ ಹೊಡ್ಕೊಂಡು ಬರೀರಿ, ಸಾಲು ಗುಡ್ಡ ಹತ್ತುತ್ತೆ’ ಎಂದಷ್ಟೇ ಹೇಳಿ ಕೆಲಸಕ್ಕೆ ಹೋದಳು.

ದೇವರು ನಿನ್ನ ಉಸಿರನ್ನು ಕಾಯಲಿ. ಎದೆಗೆ ಫ್ಲಾನೆಲ್ ಬಟ್ಟೆ ಕಟ್ಟಿಕೊಳ್ಳುವುದನ್ನು ಏಪ್ರಿಲ್ ತನಕ ಬಿಡಬೇಡ. ಈನಸನ ಹೆಂಡತಿಗೆ ಎದುರುತ್ತರ ಕೊಡಬೇಡ, ಅವಳು ಅದಕ್ಕೆ ಯೋಗ್ಯಳಾಗಿದ್ದರೂ.

ನಿನ್ನ ಅಜ್ಜಿ,
ಮೆಹಿಟಬಲ್ ಪೆಟಿಂಗಿಲ್

ತಾಜಾ ಕಲಂ: ಶುಕ್ರವಾರ.

ಮಡಚಿ ಮುದ್ರೆ ಒತ್ತಲು ಮೇಣ ಕಾಯಿಸಿದ್ದೆ. ಮೇಣ ಆರಿತು. ಮತ್ತೆ ಬಿಚ್ಚಿದ್ದೇನೆ.

ನನಗೆ ಕೈಬರಹ ಓದಲು ಬರುವುದಿಲ್ಲ ಎಂಬುದು ನಿನ್ನ ನಂಬಿಕೆ. ಅದಕ್ಕೇ ಅರ್ಜಿಯನ್ನು ನೀನು ಸೂಜಿಮೆತ್ತೆಯ ಕೆಳಗೆ ಹಾಗೆಯೇ ಇಡುತ್ತಿದ್ದೆ, ನಾನು ಕೋಣೆ ಗುಡಿಸುವಾಗಲೂ ತೆಗೆಯುತ್ತಿರಲಿಲ್ಲ. ಆದರೆ ಅಲ್ಲಿಗೆ ಒಂದು ವರ್ಷದ ಹಿಂದೆಯೇ ನಾನು ಕಲಿಯಲು ಕೂತಿದ್ದೆ. ಭಾನುವಾರ ಮಧ್ಯಾಹ್ನ ನೀನು ಹಾಡಿನ ಪಾಠಕ್ಕೆ ಹೋದಾಗ ಲೊವಿನಾ ಕಲಿಸುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ನಾನೇ ಆಣೆ ಹಾಕಿಸಿದ್ದೆ. ಅರವತ್ತಾರಕ್ಕೆ ಅಕ್ಷರ ತಿದ್ದುವ ಮುದುಕಿಯನ್ನು ನೋಡಿ ಹುಡುಗಿಯರು ನಗುತ್ತಾರೆ ಎಂದು.

ಕಲಿತಿದ್ದು ನಿನ್ನ ಅಮ್ಮನ ಕಾಗದಗಳಿಗಾಗಿ. ಹಲ್ಡಾ ಗಿರಣಿಯಲ್ಲಿದ್ದಾಗ ಊರಿಗೆ ಬರೆದ ಒಂಬತ್ತು ಕಾಗದ ನನ್ನ ಪೆಟ್ಟಿಗೆಯಲ್ಲಿವೆ. ಆಗ ಅವನ್ನು ಪಕ್ಕದ ಮನೆಯಾಕೆ ನನಗೆ ಓದಿ ಹೇಳುತ್ತಿದ್ದಳು. ‘ಚೆನ್ನಾಗಿದ್ದಾಳೆ, ಹೊಸ ಬಾನೆಟ್ ಟೊಪ್ಪಿಗೆ ಕೊಂಡಳಂತೆ’ ಎನ್ನುತ್ತಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ ನಾನೇ ಓದಿದೆ. ಬಾನೆಟ್ಟಿನ ಕೆಳಗಿನ ಸಾಲು ಆಕೆ ಓದಿರಲಿಲ್ಲ. ‘ಅಮ್ಮ, ಲಾಳಿಯ ತೂತಿನಿಂದ ನೂಲನ್ನು ಬಾಯಲ್ಲಿ ಎಳೀತೀವಲ್ಲ, ಅದರ ಜೊತೆ ಎದೆಗೆ ಹತ್ತಿ ಹೋಗುತ್ತೆ. ಕೆಮ್ಮಿದರೆ ಕರವಸ್ತ್ರ ಕೆಂಪಾಗುತ್ತೆ. ಬಂದು ನನ್ನನ್ನ ಕರ್ಕೊಂಡು ಹೋಗು.’ ಒಂಬತ್ತರಲ್ಲಿ ನಾಲ್ಕು ಕಾಗದದಲ್ಲಿ ಅದೇ ಮಾತು. ನನಗೆ ನೋವಾಗಬಾರದು ಎಂದು ಆಕೆ ಬಿಟ್ಟಿರಬೇಕು. ಆಕೆಯೂ ಈಗಿಲ್ಲ, ಬೈಯಲೂ ಯಾರೂ ಇಲ್ಲ. ನನ್ನ ಮಗಳು ನಾಲ್ಕು ಸಲ ಕರೆದಿದ್ದಳು. ಬಾನೆಟ್ಟಿನ ಬಣ್ಣ ಯಾವುದು ಎಂದು ಬರೆಸಿ ಕಳಿಸಿದ್ದೆ ನಾನು.

ಅದನ್ನು ಓದಿದ ವಾರವೇ ನಿನ್ನ ದಿಂಬಿನ ಕೆಳಗೆ ಅಂಥದೇ ಕರವಸ್ತ್ರ ಸಿಕ್ಕಿತು. ‘ಬಿಟ್ಟುಬಿಡೇ’ ಎಂದೆ. ‘ಅರ್ಜಿ ಮುಗೀಲಿ ಅಜ್ಜಿ, ಆಮೇಲೆ ನೋಡೋಣ’ ಎಂದೆ ನೀನು. ಬೇಡಿಕೊಂಡೆ, ಬೈದೆ, ನೀನು ನಕ್ಕು ಲಾಳಿಗೆ ಬಾಯಿ ಹಚ್ಚಲು ಹೋದೆ.

ಆವತ್ತು ಅರ್ಜಿಯನ್ನು ತೆಗೆದು ಮಡಕೆಗೆ ಹಾಕಿ, ತಲೆಗೆ ಶಾಲು ಹೊದ್ದು ಕ್ರಾಸ್‌ಬಿಯ ಕಚೇರಿಗೆ ಹೋದೆ. ‘ನನ್ನ ಮನೆಯಲ್ಲಿ ಸಹಿ ಹಾಕಿಸ್ತಿರೋಳು ನನ್ನ ಮೊಮ್ಮಗಳು, ಅವಳೊಬ್ಬಳೇ’ ಎಂದೆ. ಅವನು ಕಣ್ಣು ಕಿರಿದು ಮಾಡಿ, ‘ಸ್ವಂತ ಮೊಮ್ಮಗಳು?’ ಎಂದ. ‘ಮನೆ ನಡೆಸೋಳು ಹೇಳಬೇಕು ಅಂತ ನೀವೇ ನಿಯಮ ಮಾಡಿದೀರಲ್ಲ’ ಎಂದೆ. ಎದ್ದು ನಿಂತು ನನ್ನ ಕೈ ಕುಲುಕಿದ. ನಿಷ್ಠಾವಂತೆ ಎಂದ. ಮನೆಗೆ ಬಂದು ಆ ಕೈಯನ್ನು ಬೂದಿ ಹಾಕಿ ತಿಕ್ಕಿದೆ.

ಯಾವ ಗಿರಣಿಯೂ ನಿನ್ನನ್ನು ಒಳಗೆ ಬಿಡದಿರಲಿ ಎಂದೇ ಹೋಗಿದ್ದು. ಅದಕ್ಕೆ ನಾನು ನಿನ್ನ ಕ್ಷಮೆ ಕೇಳುವುದಿಲ್ಲ. ನಾಳೆ ಮತ್ತೆ ಕೆಮ್ಮಿದರೆ ನಾಳೆ ಮತ್ತೆ ಹೋಗುತ್ತೇನೆ.

ಕ್ಷಮೆ ಕೇಳುವುದು ಇನ್ನೊಂದಕ್ಕೆ. ನನಗೆ ಕೈಬರಹ ಓದಲು ಬರುತ್ತದೆ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ಒಬ್ಬಳೇ. ಆ ದಿನ ಅಡುಗೆಮನೆಯಲ್ಲಿ ನೀನು ‘ಯಾರು ಬಾಯಿ ಬಿಟ್ಟಿದ್ದು’ ಎಂದು ಕೇಳಿದಾಗ, ಲೊವಿನಾ ತಟ್ಟೆಯಿಂದ ತಲೆ ಎತ್ತಿ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಾಯಿತು. ನಾನು ಹೇಳಲಿ ಎಂದು ಕಾದಳು. ನಾನು ಹುರುಳಿ ಕಲಕಿದೆ. ಅವಳು ಮತ್ತೆ ತಟ್ಟೆ ಒರೆಸತೊಡಗಿದಳು. ಅಂದಿನಿಂದ ಇಂದಿನ ತನಕ ಆ ಮಾತನ್ನು ಅವಳು ಎತ್ತಿಲ್ಲ. ಪ್ರತಿ ಭಾನುವಾರ ಬಂದು ಪಕ್ಕದಲ್ಲಿ ಕೂತು ನನ್ನ ಅಕ್ಷರ ತಿದ್ದಿದ್ದಾಳೆ.

ಮಧ್ಯಾಹ್ನ ಹುಡುಗಿಯರು ಊಟಕ್ಕೆ ಕೂತಾಗ ನಾನೇ ಎದ್ದು ನಿಂತು ಇದನ್ನೆಲ್ಲ ಹೇಳಲಿದ್ದೇನೆ, ಅವಳ ಮುಂದೆಯೇ. ಸಂಜೆಯೊಳಗೆ ಕ್ರಾಸ್‌ಬಿಯ ಕಿವಿಗೂ ಬೀಳುತ್ತದೆ, ಮಡಕೆಯ ವಿಷಯದ ಸಮೇತ. ತಿಂಗಳ ಕೊನೆಗೆ ಈ ಮನೆ ಹೋಗುತ್ತದೆ. ಹೋಗಲಿ. ಈನಸನಿಗೆ ಹಿತ್ತಲ ಕೋಣೆ ಗುಡಿಸಿಡಲು ಹೇಳು.

ನೀನು ಬಾಸ್ಟನ್ನಿಗೆ ಹೊರಡು. ಪುಸ್ತಕ ತೆಗೆದುಕೊಂಡು ಹೋಗು. ಗಿರಣಿಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ಸಮಿತಿಯವರು ಕೇಳಿದರೆ ನನ್ನ ಹೆಸರು ಪೂರ್ತಿ ಹೇಳು, ಅಜ್ಜಿ ಎಂದು ಮರೆಮಾಚಬೇಡ. ಮೊದಲು ಲೊವಿನಾಳಿಗೆ ಬರೆ. ನನಗೆ ಬರೆಯುವುದಾದರೆ ನಿನ್ನ ಕೈಯಲ್ಲೇ ಬರೆ, ದೊಡ್ಡದಾಗಿ. ಬೈದು ಬರೆದರೂ ಸರಿ, ಒಂದು ಸಾಲೂ ಬಿಡದೆ ನಾನೇ ಓದಿಕೊಳ್ಳುತ್ತೇನೆ. ವ್ಯಾಪಾರಿ ಇದೇ ತಿಂಗಳು ವಾಪಸು ಬರುತ್ತಾನೆ, ಅವನ ಕೈಯಲ್ಲಿ ಕಳಿಸು. ಮಾರ್ಚ್ ಹುಟ್ಟುವುದರೊಳಗೆ ಉತ್ತರ ಇಲ್ಲಿರಬೇಕು.