ಸಮಾಧಾನದ ಕೈ

ಜೂನ್ 2, ಸೋಮವಾರ

ಇವತ್ತು ಕಡಿದದ್ದು ಎರಡು ಕುರಿ. ದೊಡ್ಡದು ಹನ್ನೊಂದರೊಳಗೆ ಖಾಲಿ. ಚಿಕ್ಕದರ ಮುಂಗಾಲು ಇನ್ನೂ ಕೊಕ್ಕೆಯಲ್ಲಿದೆ.

ಡಾಕ್ಟರಮ್ಮ ಹೇಳಿದ್ದು — ಕೋಪ ಬಂದಾಗ ಕೂಗಬೇಡಿ, ಬರೆದಿಡಿ, ಬಿ.ಪಿ. ಇಳಿಯುತ್ತದೆ. ಬರೆಯುತ್ತಿದ್ದೇನೆ. ಇಳಿದಿಲ್ಲ.

ಇವತ್ತಿನ ಕೋಪ ಪಕ್ಕದಂಗಡಿಯ ಮೀನಿನವಳ ಮೇಲೆ. ಗಿರಾಕಿಗಳ ಮುಂದೆಯೇ ಶುರು ಮಾಡಿದಳು.

"ಅಕ್ಕಾ, ನಿಮ್ಮ ದೇವರು ಒಬ್ಬನೋ ಮೂವರೋ? ಒಂದ್ಸಲ ಸರಿಯಾಗಿ ಹೇಳಿಬಿಡಿ."

"ನೀನು ನಿಮ್ಮಮ್ಮನಿಗೆ ಮಗಳು, ಗಂಡನಿಗೆ ಹೆಂಡ್ತಿ, ನನಗೆ ತಲೆನೋವು. ನೀನೇನು ಮೂರು ಜನಾನಾ?"

ಎಲ್ಲರೂ ನಕ್ಕರು. ಅವಳೇ ಹೆಚ್ಚು ನಕ್ಕಳು. ಆಮೇಲೆ ದರ್ಜಿ — ದೇವರಿದ್ದರೆ ಲೋಕದಲ್ಲಿ ಇಷ್ಟೊಂದು ಕೆಟ್ಟದ್ದು ಯಾಕೆ ಅಂತ. ನಿನಗೆ ಕೈ ಕೊಟ್ಟಿದ್ದು ದೇವರು, ನನ್ನ ಬಟ್ಟೆ ಹಾಳು ಮಾಡಿದ್ದು ನೀನು ಎಂದೆ. ಮಾಂಸ ತೆಗೆದುಕೊಂಡು ಹೋದ.

ಚರ್ಚಿನ ವಿಷಯದಲ್ಲಿ ಏನೇ ಅನುಮಾನ ಬಂದರೂ ಮಾರ್ಕೆಟ್ಟಿನವರು ನನ್ನ ಹತ್ತಿರವೇ ಬರುತ್ತಾರೆ. ಮಾಂಸಕ್ಕೆ ಹೇಗೂ ಬರಲೇಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಉತ್ತರ ಕೊಡದೆ ಯಾರನ್ನೂ ಕಳಿಸಿಲ್ಲ.

ಜೂನ್ 4

ಪಾಸ್ಟರ್ ಬಂದಿದ್ದರು. ನನ್ನ ಮೂರು ಜನದ ಉತ್ತರ ಅವರ ಕಿವಿಗೂ ಬಿದ್ದಿದೆ.

"ಅಮ್ಮಾ, ಅದು ತಪ್ಪು. ಒಬ್ಬನೇ ಮೂರು ವೇಷ ಹಾಕ್ತಾನೆ ಅಂದ ಹಾಗಾಯ್ತು. ಸಾವಿರದೆಂಟುನೂರು ವರ್ಷದ ಹಿಂದೇನೇ ಸಭೆ ಅದನ್ನ ತಳ್ಳಿಹಾಕಿದೆ."

"ಹಾಗಾದ್ರೆ ನೀವೇ ಬಂದು ಹೇಳಿ. ಮೀನಿನ ವಾಸನೇಲಿ ನಿಂತ್ಕೊಂಡು."

ನಕ್ಕರು. ಒಳ್ಳೆಯ ಹುಡುಗ. ನನ್ನ ಮಗನ ವಯಸ್ಸಾಗಬಹುದಿತ್ತು, ಮಗ ಇದ್ದಿದ್ದರೆ. ಇರುವುದು ಒಬ್ಬಳೇ ಮಗಳು.

ಜೂನ್ 9, ಸಂಜೆ

ಮಗಳು ಬಂದಳು. ಮನೆಗೆ ಹೋಗದೆ ನೇರ ಅಂಗಡಿಗೆ. ಮುಖದ ಕೆಳಗಿನ ಅರ್ಧ ಬೇರೆ ಯಾರದೋ. ನೇರಳೆ ಬಣ್ಣ. ಬಾಯಿ ತೆರೆಯಲಿಲ್ಲ, ತುಟಿ ಮಾತ್ರ ಸರಿಸಿದಳು. ಒಳಗೆ ತಂತಿ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ಬಿಗಿದಿದ್ದಾರೆ. ದವಡೆ ಎರಡು ಕಡೆ ಮುರಿದಿದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಅಲ್ಲಿಯೇ ತೋರಿಸಿಕೊಂಡಿದ್ದಾಳೆ. ಇಸ್ತ್ರಿ ಯಂತ್ರದ ಮುಚ್ಚಳ ಬಡಿಯಿತು ಎಂದು ಹೇಳಿದ್ದಾಳೆ.

"ಯಾರು?" ಎಂದೆ. ಕೇಳಬೇಕಾಗಿರಲಿಲ್ಲ.

ಡ್ಯೂಟಿಯಲ್ಲಿ ಗಂಡನ ಫೋನ್ ಎತ್ತಲಿಲ್ಲವಂತೆ. ಮನೆಗೆ ಬಂದಾಗ ಬಾಗಿಲ ಹಿಂದೆ ನಿಂತಿದ್ದನಂತೆ. ಮೊದಲು ಮುಷ್ಟಿ. ಬಿದ್ದ ಮೇಲೆ ಬೂಟು.

ಅಳಿಯ ಶಾಲೆಯ ಬಸ್ಸು ಓಡಿಸುತ್ತಾನೆ. ಚರ್ಚಿನಲ್ಲಿ ಹಾಡುತ್ತಾನೆ. ಇಷ್ಟು ಮೆದು ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಾರೆ.

ಕೊಕ್ಕೆಯಲ್ಲಿದ್ದ ತೊಡೆಯನ್ನು ಇಳಿಸಿ ಕಡಿದೆ. ಯಾರೂ ಕೇಳಿರಲಿಲ್ಲ. ಪೂರ್ತಿ ಪುಡಿಯಾಗುವವರೆಗೆ ಕಡಿದೆ.

ಜೂನ್ 11

ಸ್ಟ್ರಾದಲ್ಲಿ ಸೂಪು. ಒಂದು ಬಟ್ಟಲಿಗೆ ಒಂದು ಗಂಟೆ. ಮೂಗಿನಿಂದ ಉಸಿರು ಸುಯ್ಯೆನ್ನುತ್ತದೆ.

ಹಲ್ಲಿನ ಸಂದಿಯಿಂದ ಕೇಳಿದಳು.

"ಅಮ್ಮಾ... ನಾವು ಕ್ಷಮಿಸಿದ್ರೆ ತಾನೇ ನಮಗೂ ಕ್ಷಮೆ? ದಿನಾ ಪ್ರಾರ್ಥನೇಲಿ ಹೇಳೋದೇ ಅದಲ್ವಾ? ನನ್ನ ಕೈಲಿ ಆಗದೇ ಹೋದ್ರೆ?"

ಹೆದರಿದ್ದಾಳೆ. ಅವನಿಗಲ್ಲ. ದೇವರು ತನ್ನನ್ನು ಹೊರಗೆ ನಿಲ್ಲಿಸುತ್ತಾನೆ ಎಂದು. ಚಿಕ್ಕವಳಿದ್ದಾಗಿನಿಂದಲೂ ಹಾಗೆ, ಹೇಳಿದ್ದನ್ನು ಹೇಳಿದ ಹಾಗೇ ನಂಬುವವಳು.

ಸೂಪು ಆರುತ್ತೆ ಕುಡಿ, ಎಂದೆ. ಇಡೀ ಮಾರ್ಕೆಟ್ಟಿಗೆ ಉತ್ತರ ಹೇಳುವವಳು ನಾನು.

ಜೂನ್ 13

ಪಾಸ್ಟರ್ ಬಂದರು. ಇಸ್ತ್ರಿ ಯಂತ್ರದ ಕಥೆಯನ್ನೇ ಅವರಿಗೂ ಹೇಳಿದಳು. ಗಂಡ ಹೆಂಡತಿಗೆ ಏನೋ ಮನಸ್ತಾಪ, ಅಷ್ಟೇ ಎಂದಳು. ನನ್ನತ್ತ ಕಣ್ಣು ಬಿಟ್ಟಳು, ಬಾಯಿ ಮುಚ್ಚು ಅನ್ನುವಂತೆ. ಮುಚ್ಚುತ್ತೇನೆಯೇ.

"ಮುರಿದವನು ನಿಮ್ಮ ಹಾಡುಗಾರ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. ಮಗಳು ತನ್ನ ಪ್ರಶ್ನೆ ಕೇಳಿದಳು.

"ಕ್ಷಮಿಸಬೇಕು. ಅದರಲ್ಲಿ ಎರಡು ಮಾತಿಲ್ಲ" ಎಂದರು, ಮೆಲ್ಲಗೆ.

"ಕ್ಷಮಿಸ್ತಾ ಹೋದ್ರೆ ಎಷ್ಟು ಹಲ್ಲು ಉಳಿಯುತ್ತೆ ಪಾಸ್ಟರ್?"

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಬಾಗಿಲು ತೋರಿಸಿದೆ. ಟೋಪಿ ಬಿಟ್ಟು ಹೋದರು. ಹಿಂದಿನಿಂದ ಎಸೆದೆ.

ಜೂನ್ 14, ಶನಿವಾರ

ಅವನು ಬಂದ. ಅಂಗಡಿಗೆ! ಇಸ್ತ್ರಿ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಸಾಲಿನಲ್ಲಿ ನಿಂತು ತನ್ನ ಸರದಿಗೆ ಕಾದ.

"ಅತ್ತೆ, ಅರ್ಧ ಕೆಜಿ. ಎಲುಬು ಕಡಿಮೆ ಇರಲಿ."

ಕೈಯನ್ನು ಮಾಂಸ ಕಡಿಯುವ ಕೊರಡಿನ ಅಂಚಿನ ಮೇಲಿಟ್ಟಿದ್ದ. ಹಿಂದೆ ಜನ.

"ನಾಳೆ ರೊಟ್ಟಿ ಮುರಿಯೋ ಭಾನುವಾರ. ನಾನೇ ಎದ್ದು ಬಂದು ಅವಳ ಮುಂದೆ ಕೈ ಚಾಚ್ತೀನಿ. ತಪ್ಪು ಒಪ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ ಅತ್ತೆ."

"ನಿನಗೆ ನಾಚಿಕೆ ಇಲ್ಲ ಅನ್ನೋದು ನನಗೂ ಗೊತ್ತು."

"ಅವಳು ಹಿಡೀಲಿಲ್ಲ ಅಂದ್ರೆ ಇಡೀ ಸಭೆಗೆ ರೊಟ್ಟಿ ಇಲ್ಲ. ಹಿಡಿದ್ರೆ, ಹಾಗೇ ಮನೆಗೆ ಕರ್ಕೊಂಡು ಹೋಗ್ತೀನಿ."

ಮಚ್ಚು ಇಳಿಸಿದೆ. ಅವನ ಕಿರುಬೆರಳಿನ ಪಕ್ಕ, ಉಗುರಿನಷ್ಟು ಜಾಗ ಬಿಟ್ಟು. ಕೊರಡಿನೊಳಗೆ ಹೂತು ನಿಂತಿತು.

"ಎಲುಬು ಕಡಿಮೆ ಇರಲಿ ಅಂದ್ಯಲ್ಲ. ಅದಕ್ಕೇ ಬಿಟ್ಟೆ."

ಮೀನಿನವಳು ನಗಲು ಹೋದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಅವನು ಹೇಳಿದ ಪದ್ಧತಿ ನಿಜವೇ. ಹಳೆಯ ಪಾಸ್ಟರ್ ಕಾಲದ್ದು. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚುವ ಮೊದಲು ಮನಸ್ತಾಪ ಇದ್ದವರು ಎದ್ದು ಹೋಗಿ ಕೈ ಚಾಚಬೇಕು. ಸಮಾಧಾನದ ಕೈ ಎನ್ನುತ್ತೇವೆ. ಒಂದು ಕೈ ಗಾಳಿಯಲ್ಲಿ ಉಳಿದರೂ ರೊಟ್ಟಿ ಮುರಿಯುವುದಿಲ್ಲ. ಚೆನ್ನಾಗಿಯೇ ಇದೆ ಎಂದುಕೊಂಡಿದ್ದೆ ಇಷ್ಟು ವರ್ಷ. ಸೊಸೆ ಅತ್ತೆ, ಸಾಲ ಕೊಟ್ಟವನು ತೆಗೆದುಕೊಂಡವನು, ಎಲ್ಲರೂ ಅತ್ತು ನಕ್ಕಿದ್ದನ್ನು ನೋಡಿದ್ದೇನೆ. ಇಂಥವನ ಕೈಗೆ ಇದು ಆಯುಧ ಆಗುತ್ತದೆಂದು ಯಾರಿಗೆ ಗೊತ್ತಿತ್ತು.

ಮಗಳಿಗೆ ಹೋಗಬೇಡ ಎಂದೆ. ಹೋಗುತ್ತೇನೆ ಎಂದಳು.

ಜೂನ್ 15, ಭಾನುವಾರ, ಮಧ್ಯಾಹ್ನ

ಹೇಳಿದ ಹಾಗೆಯೇ ಮಾಡಿದ. ಎದ್ದ. ನಡುವಿನ ದಾರಿ ದಾಟಿ ಬಂದ. ಕಣ್ಣಲ್ಲಿ ನೀರು ಬೇರೆ. ಕೈ ಚಾಚಿ ನಿಂತ.

ಇಡೀ ಸಭೆ ತಿರುಗಿತು. ಮೇಜಿನ ಮೇಲೆ ರೊಟ್ಟಿ, ಬಿಳಿ ಬಟ್ಟೆ. ಯಾರೋ ಹಿಂದಿನಿಂದ — "ಹಿಡಿಯಮ್ಮಾ, ಹಿಡಿ." ಇನ್ನೊಬ್ಬಳು ಪ್ರಾರ್ಥಿಸಲು ಶುರು ಮಾಡಿದಳು. ಪಾಸ್ಟರ್ "ಕಾಯೋಣ, ಅವಸರ ಮಾಡಬೇಡಿ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಗಳು ಎದ್ದು ನಿಂತಳು. ಬಾಯಿಯಿಂದ ಹೇಳಲಾಗದು, ಕೈಯೇ ಅವಳ ಮಾತು. ಬಲಗೈ ಮೇಲೆ ಬಂತು. ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ನಾನು ಕಾಯಲಿಲ್ಲ.

ನಡುವೆ ನುಗ್ಗಿದೆ. ಅವನ ಕೈಯನ್ನು ನಾನೇ ಹಿಡಿದೆ. ಹೆಬ್ಬೆರಳಿನ ಬುಡದ ಕೀಲು ಎಲ್ಲಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒತ್ತಿ ತಿರುಗಿಸಿದೆ. ಹಸಿ ಕಡ್ಡಿ ಮುರಿದ ಸದ್ದು. ಅವನು ಕಿರುಚಿ ಮೊಣಕಾಲೂರಿದ. ಬಿಡಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ.

ಅವನ ಅಣ್ಣ ನನ್ನ ಕಿವಿಯ ಮೇಲೆ ಹೊಡೆದ. ಬೆಂಚು ಉರುಳಿತು. ಬಿದ್ದಲ್ಲಿಂದಲೇ ಆ ಅಣ್ಣನ ಮೊಣಕಾಲಿಗೆ ಒದ್ದೆ. ದ್ರಾಕ್ಷಾರಸ ಚೆಲ್ಲಿ ನೆಲವೆಲ್ಲ ಕೆಂಪು. ಮಕ್ಕಳು ಅಳುತ್ತಿದ್ದವು. ಪಾಸ್ಟರ್ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದರು.

ನನಗೆ ಹಾಯೆನಿಸಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಜೂನ್ 16

ಅಳಿಯ ದೂರು ಕೊಟ್ಟಿದ್ದಾನೆ. ಹೆಬ್ಬೆರಳು ಎರಡು ಕಡೆ ಮುರಿದಿದೆ, ಬಸ್ಸು ಓಡಿಸುವಂತಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂರಿಸಿದರು. ನಾನು ಒಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಕರೆದಾಗ ಬರಬೇಕು ಎಂದು ಸಹಿ ಹಾಕಿಸಿಕೊಂಡು ಬಿಟ್ಟರು.

ಮನೆಗೆ ಬಂದರೆ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

"ಕೇಳಿದ್ದು ನನ್ನನ್ನ ಅಮ್ಮಾ. ಉತ್ತರ ನೀನ್ಯಾಕೆ ಕೊಟ್ಟೆ?"

"ನೀನು ಹಿಡಿಯೋದ್ರಲ್ಲಿದ್ದೆ."

"ನಿನಗೆ ಹೇಗೆ ಗೊತ್ತು?"

ಗೊತ್ತಿಲ್ಲ.

ಜೂನ್ 24

ಬರೆಯಲು ಮನಸ್ಸಾಗಿರಲಿಲ್ಲ. ಮಗಳು ಹೋಗಿದ್ದಾಳೆ. ಅವನ ಮನೆಗೆ.

ನಾನು ಅವಳನ್ನು ಅಂಗಡಿಯಲ್ಲಿ ಕೂರಿಸಿ ಕುರಿ ತರಲು ಹೋಗಿದ್ದಾಗ ಅವನು ಬಂದಿದ್ದನಂತೆ. ಮೀನಿನವಳು ಎಲ್ಲ ಕೇಳಿಸಿಕೊಂಡಿದ್ದಾಳೆ.

"ನೀನು ಬಂದ್ರೆ ದೂರು ವಾಪಸ್ ತಗೋತೀನಿ, ಇಲ್ಲಾಂದ್ರೆ ಮುದುಕಿ ಜೈಲಲ್ಲೇ ಸಾಯ್ತಾಳೆ ಅಂದ ಅಕ್ಕಾ. ನಾನು ಮೀನಿನ ನೀರು ಎರಚಿದೆ. ಅವಳು ಚಪ್ಪಲಿ ಹಾಕ್ಕೊಂಡು ಹೊರಟೇಬಿಟ್ಟಳು."

ದೂರು ಇನ್ನೂ ವಾಪಸ್ ಆಗಿಲ್ಲ. ಆಗುವುದೂ ಇಲ್ಲ. ಹಗ್ಗದ ತುದಿ ಯಾರಾದರೂ ಬಿಡುತ್ತಾರೆಯೇ.

ನಾನು ಅವನ ಬೆರಳು ಮುರಿದೆ. ಬೆಲೆ ಅವಳು ಕೊಡುತ್ತಿದ್ದಾಳೆ.

ಜೂನ್ 27, ಬೆಳಿಗ್ಗೆ 11

ಅವಳು ಕೆಲಸಕ್ಕೂ ಬಂದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಚ್ಚನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದೆ. ಅವನು ಮನೆಯಲ್ಲಿರಲಿಲ್ಲ. ಹೊರಗಿನಿಂದ ಬೀಗ.

ಕಿಟಕಿಗೆ ಬಂದಳು. ಗಲ್ಲದ ಮೇಲೆ ಒಣಗಿದ ರಕ್ತ. ಬಾಯಿ ತೆರೆದೇ ಇದೆ, ಒಂದು ಕಡೆಗೆ ಜೋತುಬಿದ್ದಿದೆ. ಅವಳ ಮಾತು ತಿಳಿಯುವುದಿಲ್ಲ ಎಂದು ಇಕ್ಕಳದಿಂದ ತಂತಿ ಕತ್ತರಿಸಿದ್ದಾನೆ. ಒಸಡೂ ಸೇರಿ.

ಗೋಣಿ ಬಿಚ್ಚಿದೆ. ಬೀಗಕ್ಕೆ ಎರಡು ಏಟು ಹಾಕಿದೆ. ಕಂಬಿಯೊಳಗಿನಿಂದ ಕೈ ತೂರಿಸಿ ನನ್ನ ತೋಳು ಹಿಡಿದಳು. ಮುದ್ದೆಮುದ್ದೆ ಮಾತು. ಮೂರು ಸಲ ಹೇಳಿಸಿಕೊಂಡ ಮೇಲೆ ತಿಳಿಯಿತು.

"ನೀನು ಜೈಲಿಗೆ ಹೋಗಬಾರದು ಅಂತಲೇ ನಾನಿಲ್ಲಿರೋದು. ಅದನ್ನ ತಗೊಂಡು ಹೋಗಮ್ಮಾ."

ಬಂದೆ. ಅವನು ಎದುರಿಗೆ ಸಿಕ್ಕಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅದೇ ದಿನ, ಸಂಜೆ

ನಾನೇ ಪಾಸ್ಟರ್ ಮನೆಗೆ ಹೋದೆ. ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಕುಳಿತಲ್ಲೇ ಕುಸಿದರು. ಬೈಯಲು ಹೋದವಳು ಕೇಳಿದೆ — ಕ್ಷಮಿಸಿದವಳು ವಾಪಸ್ ಹೋಗಲೇಬೇಕಾ?

"ಇಲ್ಲ" ಎಂದರು, ತಕ್ಷಣ. "ಕ್ಷಮಿಸೋದು ಅಂದ್ರೆ ಸೇಡು ಬಿಡೋದು. ಬೀಗದ ಕೈ ಕೊಡೋದಲ್ಲ. ಅವನು ಬದಲಾಗಿದ್ದಾನೋ ಇಲ್ಲವೋ ನೋಡದೆ ಕತ್ತು ಚಾಚು ಅಂತ ದೇವರು ಹೇಳಿಲ್ಲ."

"ಅವತ್ತೇ ಯಾಕೆ ಬೊಗಳಲಿಲ್ಲ?"

"ಅರ್ಧ ಹೇಳಿದೆ. ಉಳಿದರ್ಧ ಹೇಳೋ ಮೊದಲು ನೀವು ಟೋಪಿ ಎಸೆದ್ರಿ." ಆಮೇಲೆ, "ನೆಪ ಹೇಳ್ತಿದ್ದೀನಿ ಅಮ್ಮಾ. ವಾಪಸ್ ಬಂದು ಹೇಳಬೇಕಿತ್ತು. ಹೆದರಿದೆ."

ಅವಳ ಕೊರಳಿಗೆ ಹಾಕಿರುವ ಹಗ್ಗ ನಾನೇ. ಬಿಚ್ಚುವುದು ಹೇಗೆಂದು ಈಗ ಗೊತ್ತು.

ಜೂನ್ 28

ಬೆಳಿಗ್ಗೆ ಸ್ಟೇಷನ್ನು. ಪಾಸ್ಟರ್ ಜೊತೆಗೆ ಬಂದರು. ತಪ್ಪೊಪ್ಪಿಗೆ ಬರೆದುಕೊಳ್ಳಿ ಎಂದೆ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಅಜ್ಜಿ, ಗಲಾಟೇಲಿ ಆಕಸ್ಮಿಕವಾಗಿ ಆಯ್ತು ಅನ್ನಿ. ನಿಮಗೇ ಒಳ್ಳೇದು."

"ಆಕಸ್ಮಿಕ ಅಲ್ಲ. ಕೀಲು ನೋಡಿಯೇ ತಿರುಗಿಸಿದ್ದು. ಅವನು ದೂರು ವಾಪಸ್ ತಗೊಂಡ್ರೂ ನಾನು ಈ ಮಾತು ವಾಪಸ್ ತಗೊಳ್ಳಲ್ಲ."

ಬರೆದುಕೊಂಡರು. ಅವನು ಮಗಳನ್ನು ಕೂಡಿಹಾಕಿರುವುದನ್ನೂ ಹೇಳಿದೆ. ಇಬ್ಬರು ಪೊಲೀಸರನ್ನು ಕಳಿಸುತ್ತೇವೆ, ಜೀಪು ಬರಲಿ ಎಂದರು. ನಾನು ಜೀಪಿಗೆ ಕಾಯಲಿಲ್ಲ. ಕೈ ಬೀಸಿಕೊಂಡು ಹೋದೆ, ಮಚ್ಚಿಲ್ಲದೆ. ಪಾಸ್ಟರ್ ಹಿಂದೆ ಓಡುತ್ತ ಬಂದರು.

ಅವನೇ ಬಾಗಿಲು ತೆಗೆದ. ಹೊಸಿಲಲ್ಲಿ ನಿಂತು ಒಳಗೆ ಕೂಗಿ ಹೇಳಿದೆ.

"ಒಪ್ಕೊಂಡು ಬಂದಿದ್ದೀನಿ ಕಣೇ. ಬರೆದು ಸಹಿ ಹಾಕಿಯಾಯ್ತು. ಜೈಲು ಆದ್ರೆ ಆಗಲಿ. ನನ್ನ ಹೆಸರು ಹೇಳಿ ನಿನ್ನನ್ನ ಹಿಡಿದಿಡೋಕೆ ಇವನ ಹತ್ತಿರ ಇನ್ನೇನೂ ಇಲ್ಲ. ಬರೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಏನೂ ಹೇಳಲ್ಲ."

ಪ್ಲಾಸ್ಟರ್ ಹಾಕಿದ ಕೈಯಿಂದಲೇ ಹೊಡೆದ. ಬಾಯಲ್ಲಿ ಹಲ್ಲೊಂದು ಕಳಚಿಕೊಂಡಿತು. ಇನ್ನೊಂದು ಏಟು. ಗೋಡೆ ಹಿಡಿದೆ. ಮೂರನೆಯದು ಪಾಸ್ಟರ್ ಮುಖಕ್ಕೆ — ನಡುವೆ ಬಂದಿದ್ದರು, ಕನ್ನಡಕ ಚೂರಾಯಿತು. ನನ್ನ ಕೈ ಎರಡೂ ಮೇಲೇಳುತ್ತಿದ್ದವು. ಬೆನ್ನ ಹಿಂದೆ ಕಟ್ಟಿಕೊಂಡೆ. ಇಷ್ಟು ಕಷ್ಟದ ಕೆಲಸ ಹುಟ್ಟಿದಾಗಿನಿಂದ ಮಾಡಿಲ್ಲ.

ಮಗಳು ಹೊರಗೆ ಬಂದಳು. ಬರಿಗಾಲು. ಗಲ್ಲವನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು, ಮಾತು ಬಿದ್ದುಹೋಗದ ಹಾಗೆ. ಅವನ ಎದುರು ನಿಂತಳು.

"ನಿನ್ನನ್ನ ಕ್ಷಮಿಸಿದ್ದೀನಿ" ಎಂದಳು. ಎಲ್ಲರಿಗೂ ಕೇಳಿಸಿತು. "ದಾರಿ ಬಿಡು."

ಕೂದಲು ಹಿಡಿದು ಎಳೆದ. ಅವಳು ಚೌಕಟ್ಟು ಹಿಡಿದು ನಿಂತಳು. ಕೂದಲು ಅವನ ಮುಷ್ಟಿಯಲ್ಲಿ ಉಳಿಯಿತು, ಅವಳು ಮೆಟ್ಟಿಲಿಳಿದಳು. ಅಷ್ಟರಲ್ಲಿ ಜೀಪು.

ಜುಲೈ 1, ಬೆಳಿಗ್ಗೆ

ದವಡೆಗೆ ಮತ್ತೆ ತಂತಿ ಹಾಕಿದ್ದಾರೆ. ಈ ಸಲ ಇಸ್ತ್ರಿ ಯಂತ್ರದ ಹೆಸರು ಹೇಳಲಿಲ್ಲ, ಅವನ ಹೆಸರನ್ನೇ ಬರೆಸಿದಳು. ಅವನು ಜೈಲಿನೊಳಗಿದ್ದಾನೆ. ನನಗೆ ಇವತ್ತು ಹತ್ತಕ್ಕೆ ಕೋರ್ಟು. ವಾಪಸ್ ಬರುತ್ತೇನೋ ಇಲ್ಲವೋ, ವಕೀಲನಿಗೂ ಗೊತ್ತಿಲ್ಲ. ಅಂಗಡಿ ಮೀನಿನವಳು ನೋಡಿಕೊಳ್ಳುತ್ತಾಳಂತೆ. ಕುರಿಯ ಕಾಲು ಯಾವುದು, ಕತ್ತು ಯಾವುದು ಎಂದು ಅವಳಿಗೆ ತೋರಿಸಿಕೊಟ್ಟಿದ್ದೇನೆ.

ಸೂಪು ಕುಡಿಸುವಾಗ ಮಗಳು ಹಲ್ಲಿನ ಸಂದಿಯಿಂದ ಕೇಳಿದಳು.

"ನೀನು, ಅಮ್ಮಾ? ನೀನು ಕ್ಷಮಿಸಿದ್ಯಾ?"

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬರೆದು ನೋಡಿ ಹೇಳುತ್ತೇನೆ ಎಂದೆ. ಬಾಯಲ್ಲಿ ಬರದಿದ್ದರೆ ಕೈಯಲ್ಲಾದರೂ ಬರಬಹುದು. ಅವಳು ಎದುರಿಗೇ ಕೂತಿದ್ದಾಳೆ, ಕಾಯುತ್ತಿದ್ದಾಳೆ, ಅವಸರ ಮಾಡುತ್ತಿಲ್ಲ.

ನಾನು ಅವನನ್ನು —