ಅಂತರಗಂಗೆಯ ಒಂದು ಗಿಡ

ಅಪ್ಪಾ,

ನಮ್ಮ ಪಕ್ಷಿಧಾಮದ ಕೆರೆಗೆ ಅಂತರಗಂಗೆ ತಂದು ಬಿಟ್ಟವನು ನಾನೇ. ನೇರಳೆ ಹೂವು ಚೆನ್ನಾಗಿದೆಯೆಂದು ಮೂರನೇ ಕ್ಲಾಸಿನಲ್ಲಿದ್ದಾಗ ಒಂದೇ ಒಂದು ಗಿಡ ತೇಲಿಬಿಟ್ಟಿದ್ದೆ. ಅದು ಕೆರೆಯನ್ನೆಲ್ಲ ಮುಚ್ಚಿತು. ಕಾವಲುಗಾರನಾದ ನೀನು ಸಾಯುವವರೆಗೂ ಸೊಂಟಮಟ್ಟದ ನೀರಿನಲ್ಲಿ ನಿಂತು ಅದನ್ನು ಕಿತ್ತೆ. ನಾನು ಶಾಲೆ ಬಿಟ್ಟು ನಿನ್ನ ಪಕ್ಕದಲ್ಲಿ ಕೀಳಲು ನಿಂತಾಗ, ನನಗೆ ಓದು ತಲೆಗೆ ಹತ್ತಲಿಲ್ಲವೆಂದು ನೀನು ತಿಳಿದೆ.

ಇವತ್ತು ಕೊನೆಯ ಕಂತೆಯನ್ನೂ ದಡಕ್ಕೆಳೆದೆವು. ಅದರಡಿ, ನೀನು ಹೇಳುತ್ತಿದ್ದ, ಯಾರೂ ನಂಬದಿದ್ದ, ಮುಳುಗಿದ ಊರಿನ ಕಲ್ಲುಮೆಟ್ಟಿಲು ಕಾಣಿಸಿತು.

"ನಿಮ್ಮಪ್ಪ ನೋಡ್ಬೇಕಿತ್ತು ಕಣೋ," ಎಂದ ನನ್ನ ಜೊತೆ ಕಂತೆ ಎಳೆಯುತ್ತಿದ್ದ ದೋಣಿಯವನು. "ಯಾವ ಪುಣ್ಯಾತ್ಮ ತಂದು ಬಿಟ್ಟಿದ್ನೋ ಈ ಪೀಡೆನ!"

"ನಾನೇ, ಮಾವ."

"ಹೋಗೋ, ತಮಾಷೆಗೂ ಹೊತ್ತುಗೊತ್ತು ಬೇಡ್ವಾ?"

ನಿನ್ನ ಕೆಲಸವನ್ನು ನನಗೇ ಕೊಡುತ್ತಾರಂತೆ. ಬೇಡವೆಂದೆ; ನಾನು ಇಲ್ಲಿ ಉಳಿದಿದ್ದು ಆ ಒಂದು ಗಿಡಕ್ಕಾಗಿ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.