ಹೆದ್ದಾರಿಯ ಕೆಳಗಿನ ದಾರಿ

ಮಾರ್ಚ್ 3, ಬೆಳಗ್ಗೆ 7.30
ನಾಲ್ಕು ಕ್ಯಾಮೆರಾಗಳ ಬ್ಯಾಟರಿ ಬದಲಿಸಿದೆ. ಹೆದ್ದಾರಿಯ ಕೆಳಗೆ ಪ್ರಾಣಿಗಳಿಗೆಂದು ಕಟ್ಟಿದ ಸುರಂಗದಲ್ಲಿ ಈ ವಾರ ಓಡಾಡಿದವರು: ಒಂದು ಮುಂಗುಸಿ, ಎರಡು ಬೆಕ್ಕು, ನಾನು. ಜಿಂಕೆ — ಸೊನ್ನೆ. ಸುರಂಗದ ಬಾಯಿಯ ತನಕ ಬರುತ್ತವೆ, ನಿಲ್ಲುತ್ತವೆ, ತಿರುಗಿ ಹೋಗುತ್ತವೆ. ಬೇಲಿ ಮುಗಿಯುವಲ್ಲಿ ರಸ್ತೆ ಹತ್ತುತ್ತವೆ. ಇವತ್ತೂ ಒಂದಕ್ಕೆ ಲಾರಿ ಹೊಡೆದಿತ್ತು. ಪಕ್ಕಕ್ಕೆ ಎಳೆದೆ. ಮೈ ಇನ್ನೂ ಬಿಸಿಯಿತ್ತು.

ಮಾರ್ಚ್ 5
ಮೀಟಿಂಗ್. ಮೂವತ್ತೊಂದರೊಳಗೆ ಒಂದಾದರೂ ಜಿಂಕೆ ದಾಟದಿದ್ದರೆ ಎರಡನೇ ಸುರಂಗ ಕ್ಯಾನ್ಸಲ್, ಎಂದರು ದೊಡ್ಡ ಸಾಹೇಬರು. ಸುರಂಗದ ನಕ್ಷೆ ಬರೆದ ಮೇಡಂ ಹೊರಗೆ ಬಂದು ಕೇಳಿದ್ದು ಒಂದೇ ಮಾತು.
"ಜಿಂಕೆ ಕಣ್ಣು ನೆಲದಿಂದ ಎಷ್ಟು ಎತ್ತರ ಇರುತ್ತಪ್ಪಾ?"
ಸೊಂಟ ತೋರಿಸಿದೆ.

ಮಾರ್ಚ್ 6
ಅಕ್ಕನ ಮಾತು: "ಎರಡು ವರ್ಷದಿಂದ ಜಿಂಕೆ ಜಿಂಕೆ ಅಂತೀಯ. ನಿನ್ನ ಮದುವೆಗೂ ಅವನ್ನೇ ಕರಿ, ಯಾವ್ದೂ ಬರಲ್ಲ!" ನಗು ಬರಲಿಲ್ಲ.

ಮಾರ್ಚ್ 9
ಮೇಡಂಗೆ ಐವತ್ತೆಂಟು. ಇಸ್ತ್ರಿ ಬಟ್ಟೆಯಲ್ಲೇ, ಜಿಂಕೆಯ ಕಣ್ಣಿನ ಎತ್ತರಕ್ಕೆ ಸೊಂಟ ಬಗ್ಗಿಸಿ ಸುರಂಗದೊಳಗೆ ನಡೆದರು. ನಡುವೆ ನಿಂತುಬಿಟ್ಟರು.
"ಬಾ ಇಲ್ಲಿ. ಬಗ್ಗು. ಏನ್ ಕಾಣುತ್ತೆ?"
ಬಗ್ಗಿದೆ. ಆ ತುದಿಯಲ್ಲಿ ಹುಲ್ಲು ಕಾಣಬೇಕಿತ್ತು. ಕಂಡದ್ದು ದೊಡ್ಡ ಕಪ್ಪು ಹಲಗೆ. ನಮ್ಮದೇ ಬೋರ್ಡು! ‘ವನ್ಯಜೀವಿಗಳ ದಾರಿ, ಜನರಿಗೆ ಪ್ರವೇಶವಿಲ್ಲ.’ ನಿಂತು ನೋಡಿದರೆ ಬೋರ್ಡಿನ ಮೇಲೆ ಆಕಾಶ ಕಾಣುತ್ತದೆ. ಬಗ್ಗಿದರೆ ದಾರಿಯೇ ಮುಚ್ಚಿದೆ. ವಾರ ವಾರ ಅದಕ್ಕೇ ಒರಗಿ ನಿಲ್ಲುತ್ತಿದ್ದೆ, ನನ್ನ ತಲೆಗೆ ಹೊಳೆಯಲೇ ಇಲ್ಲ.
"ಇದನ್ನ ಇಲ್ಲಿ ನೆಡ್ಸಿದ್ದು ನಾನೇ. ರಿಪೋರ್ಟಲ್ಲಿ ಹಾಗೇ ಬರಿ."
ಬೇರೆಯವರಾಗಿದ್ದರೆ ಕಂಟ್ರಾಕ್ಟರ್ ತಲೆಗೆ ಕಟ್ಟುತ್ತಿದ್ದರು. ಇವರು ಸ್ಪ್ಯಾನರ್ ಕೇಳಿ, ತಾವೇ ಬೋಲ್ಟು ಬಿಚ್ಚಿ ಬೋರ್ಡು ಕೆಳಗಿಳಿಸಿದರು. ಬೋರ್ಡಿನ ಅಡಿಯಲ್ಲಿ ಅವರದೇ ಹೆಸರಿತ್ತು. ಒಂದು ಕ್ಷಣವೂ ಅದನ್ನು ನೋಡಲಿಲ್ಲ. ಎಂಥಾ ಹೆಂಗಸಪ್ಪಾ! ಇಂಥವರ ಕೈಕೆಳಗೆ ಕೆಲಸ ಮಾಡುವುದಕ್ಕೂ ಪುಣ್ಯ ಬೇಕು.

ಮಾರ್ಚ್ 24
ಕ್ಯಾಮೆರಾ ಮುಟ್ಟಿಲ್ಲ. "ಮನುಷ್ಯರ ವಾಸನೆ ಹೋಗ್ಲಿ. ಮೂವತ್ತರವರೆಗೆ ಆ ಕಡೆ ತಲೆ ಹಾಕ್ಬೇಡ" ಎಂದಿದ್ದಾರೆ ಮೇಡಂ. ಕೈ ತುರಿಸುತ್ತಿದೆ...

ಮಾರ್ಚ್ 30, ಬೆಳಗ್ಗೆ 9.10
ಕ್ಯಾಮೆರಾಗಳ ಮೆಮೊರಿ ಕಾರ್ಡ್ ತಂದೆ. ಆಫೀಸಿನಲ್ಲಿ ಒಬ್ಬನೇ. ಇಪ್ಪತ್ತೆಂಟನೇ ತಾರೀಖಿನ ಫೋಟೋಗಳು. 6.02: ಹೆಣ್ಣು ಜಿಂಕೆ, ಸುರಂಗದ ಬಾಯಲ್ಲಿ. 6.09: ಅಲ್ಲೇ. 6.13: ಒಳಗೆ! 6.14: ಆ ತುದಿಯ ಹುಲ್ಲಿನಲ್ಲಿ. ಕಣ್ಣು ತುಂಬಿ ಬಂತು. ಒಂದು ಸಾಕಿತ್ತು ನಮಗೆ. 6.15: ಮರಿ, ಓಡುತ್ತಾ. 6.16: ಇನ್ನೆರಡು. ಎಣಿಸುತ್ತಿದ್ದೇನೆ — ಹನ್ನೊಂದು, ಹನ್ನೆರಡು... ಮೇಡಂ ಬಂದರು. "ಏನಾಯ್ತೋ, ಯಾಕೆ ಅಳ್ತಿದೀಯ?" ಎನ್ನುತ್ತಿದ್ದಾರೆ, ನಾನು ಸ್ಕ್ರೀನ್ ಅವರ ಕಡೆ ತಿರುಗಿಸುತ್ತಿದ್ದೇನೆ.